ನಮ್ಮ ಅಂಗಡಿಯ ಲೇಸು, ಉಮ್ಮಮ್ಮನ ಟೊಪ್ಪಿ

ಕುಂಬಳೆ ಪೇಟೆಯಲ್ಲಿ ನಮ್ಮದೊಂದು ಸಣ್ಣ ಫ್ಯಾನ್ಸಿ ಅಂಗಡಿ. ಬಳೆ, ರಿಬ್ಬನ್, ಗುಂಡಿ, ಸೂಜಿ, ನೂಲು, ಮತ್ತೆ ಲೇಸು. ರಟ್ಟಿಗೆ ಸುತ್ತಿದ ಲೇಸುಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿರುತ್ತವೆ. ಮೇಜಿನ ಅಂಚಿಗೆ ಹೊಡೆದ ಎರಡು ಹಿತ್ತಾಳೆ ಮೊಳೆಗಳ ನಡುವೆ ಒಂದು ಮೀಟರ್. ಬಾಪ ಅಳೆಯುವಾಗ ಕೊನೆಗೆ ನಾಲ್ಕು ಬೆರಳು ಹೆಚ್ಚೇ ಬಿಟ್ಟು ಕತ್ತರಿಸುತ್ತಿದ್ದರು. ಶಾಲೆಯಲ್ಲಿ ಕನ್ನಡ ಮಾಸ್ಟ್ರು "ಲೇಸು ಎಂದರೆ ಏನು?" ಎಂದು ಕೇಳಿದಾಗ ನಾನು ಎದ್ದು ನಿಂತು "ಮೀಟರಿಗೆ ಆರು ರೂಪಾಯಿ" ಎಂದಿದ್ದೆ. ಇಡೀ ತರಗತಿ ನಕ್ಕಿತು, ಮಾಸ್ಟ್ರೂ ನಕ್ಕರು. ಒಳ್ಳೆಯದು ಎಂಬ ಅರ್ಥದ ಲೇಸು ನನಗೆ ಗೊತ್ತಾದದ್ದು ಅವತ್ತು.

ಅಂಗಡಿಯ ಲೇಸೆಲ್ಲ ಮೆಷಿನಿನದ್ದು. ಕೈಯಲ್ಲಿ ಮಾಡುವ ಲೇಸು ಎಂಬುದೊಂದು ಇದೆ ಎಂದು ತಿಳಿಯುವಾಗ ನನಗೆ ಮೂವತ್ತು ದಾಟಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮಸ್ಕತ್ತಿನಲ್ಲಿ ಕೆಲವು ವರ್ಷ ಪಂಪು, ಕಂಪ್ರೆಸರ್ ರಿಪೇರಿ ಮಾಡಿದೆ. ಊರಿಗೆ ಬಂದು ಬಾಪನ ಜಾಗದಲ್ಲಿ ಕೂತೆ. ಮಳೆಗಾಲದ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಿತು. ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದ ಒಬ್ಬ ಅಜ್ಜಿ. ಮುಂದೆ ಒಂದು ಗಟ್ಟಿ ದಿಂಬು, ಅದರ ತುಂಬ ಗುಂಡುಸೂಜಿ, ಇಳಿಬಿದ್ದ ನೂರಾರು ನೂಲುಗಳ ತುದಿಯಲ್ಲಿ ಮರದ ಸಣ್ಣ ಕಡ್ಡಿಗಳು. ಅಜ್ಜಿ ಪಕ್ಕದವರ ಹತ್ತಿರ ಮಾತಾಡುತ್ತಾ ಕಡ್ಡಿಗಳನ್ನು ಎಡಕ್ಕೂ ಬಲಕ್ಕೂ ಎಸೆಯುತ್ತಿದ್ದರು. ಕೆಳಗಿನಿಂದ ಒಂದು ಹೂವು ಎದ್ದು ಬರುತ್ತಿತ್ತು. ಯಂತ್ರ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಎಂತಹ ಚಲನೆ ಎಂದು ಅರ್ಥವೇ ಆಗಲಿಲ್ಲ. ಅಲ್ಲಿಂದ ಶುರುವಾಯಿತು ಈ ಹುಚ್ಚು.

ಆ ಕಡ್ಡಿಗೆ ಬಾಬಿನ್ ಎನ್ನುತ್ತಾರೆ. ಮಂಚದ ಕಾಲು ಕಡೆಯುವ ಗೆಳೆಯನ ಲೇತಿನಲ್ಲಿ ಹಲಸಿನ ಮರದ ತುಂಡುಗಳಿಂದ ಇಪ್ಪತ್ತನಾಲ್ಕು ಬಾಬಿನ್ ಕಡೆದುಕೊಂಡೆ. ಅದೇ ಅಂಗಡಿಯ ಮರದ ಹುಡಿಯನ್ನು ಬಿಗಿಯಾಗಿ ತುಂಬಿ ದಿಂಬು ಹೊಲಿದೆ. ಗುಂಡುಸೂಜಿ, ನೂಲು ನಮ್ಮದೇ ಅಂಗಡಿಯದ್ದು. ಉಮ್ಮ ಎರಡು ದಿನ ಸುಮ್ಮನೆ ನೋಡಿದರು, ಮೂರನೆಯ ದಿನ "ಇದು ಗಂಡಸರು ಮಾಡುವ ಕೆಲಸವಾ?" ಎಂದು ಬ್ಯಾರಿ ಭಾಷೆಯಲ್ಲೇ ಬೈದರು.

ಬಾಬಿನ್ ಲೇಸಿನಲ್ಲಿ ಇರುವುದು ಎರಡೇ ಚಲನೆ. ಒಮ್ಮೆಗೆ ನಾಲ್ಕು ನೂಲು ಹಿಡಿಯಬೇಕು, ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ. ನಡುವಿನ ಎರಡರಲ್ಲಿ ಎಡದ್ದನ್ನು ಬಲದ್ದರ ಮೇಲೆ ದಾಟಿಸುವುದು ಒಂದು. ಎರಡೂ ಜೋಡಿಗಳಲ್ಲಿ ಬಲದ ನೂಲನ್ನು ಎಡದ್ದರ ಮೇಲೆ ತಿರುಚುವುದು ಇನ್ನೊಂದು. ದಾಟಿಸು, ತಿರುಚು, ಸೂಜಿ ಚುಚ್ಚು. ಎಷ್ಟೇ ದೊಡ್ಡ ರಾಣಿಯ ಲೇಸಾದರೂ ಇಷ್ಟೇ. ನಾನು ಮಾಡಿದ್ದು ಟಾರ್ಶಾನ್ ಎಂಬ ಜಾತಿ, ಕಲಿಯುವವರು ಮಾಡುವಂಥದ್ದು, ಬರೀ ಚೌಕ ಮತ್ತು ಓರೆ ಗೆರೆ. ಮೊದಲ ವಾರ ಒಂದು ಸಂಜೆಗೆ ಮೂರು ಸೆಂಟಿಮೀಟರ್ ಆದರೆ ಹೆಚ್ಚು. ಅದೂ ಎಲ್ಲೋ ಒಂದು ಕಡೆ ತಿರುಚಲು ಮರೆತು ಮತ್ತೆ ಬಿಚ್ಚಬೇಕು. ಆರು ರೂಪಾಯಿ ಎಂದು ಬಾಯಿಪಾಠ ಇದ್ದ ಒಂದು ಮೀಟರಿಗೆ ನನ್ನ ಕೈಗೆ ಒಂದು ತಿಂಗಳು ಬೇಕಾಯಿತು.

ಆಮೇಲೆ ಬೇರೆ ಜಾತಿಗಳನ್ನೂ ಮಾಡಿ ನೋಡಿದೆ. ಫಿಲೆ ಎಂಬುದು ನಮ್ಮ ಕಡಲಕರೆಯವರಿಗೆ ಹೊಸತಲ್ಲ. ಮೀನಿನ ಬಲೆಗೆ ಹಾಕುವ ಗಂಟನ್ನೇ ಸಪೂರ ನೂಲಿನಲ್ಲಿ ಹಾಕಿ, ಆದ ಚೌಕಗಳಲ್ಲಿ ಕೆಲವನ್ನು ಸೂಜಿಯಿಂದ ತುಂಬಿಸಿದರೆ ಚಿತ್ರ. ಬಲೆ ಹೆಣೆಯುವ ಸೂಜಿ, ಕಣ್ಣಿನ ಅಳತೆಗೆ ಒಂದು ಪಟ್ಟಿ, ಉಪಕರಣ ಕೂಡ ಅದೇ, ಗಾತ್ರ ಮಾತ್ರ ಕಿರಿದು. ಟ್ಯಾಟಿಂಗ್ ಎಂಬ ಗಂಟಿನ ಲೇಸು ನನ್ನ ದಪ್ಪ ಬೆರಳಿಗೆ ಒಗ್ಗಲಿಲ್ಲ. ಕ್ರೋಶಾ ಒಗ್ಗಿತು.

ಕ್ರೋಶಾದ ಬಗ್ಗೆ ಒಂದು ಮಾತು ಹೇಳಲೇಬೇಕು, ಡಿಪ್ಲೊಮಾ ಮಾಡಿದವನ ಮಂಡೆ ಬಿಸಿ ಮಾಡಿದ ವಿಷಯ ಇದು. ನಿಟ್ಟಿಂಗಿಗೆ ಇಂಗ್ಲೆಂಡಿನಲ್ಲಿ ವಿಲಿಯಂ ಲೀ 1589ರಷ್ಟು ಹಿಂದೆಯೇ ಯಂತ್ರ ಮಾಡಿದ. ಕ್ರೋಶಾಕ್ಕೆ ಮಾತ್ರ ಇವತ್ತಿಗೂ ಕಾರ್ಖಾನೆಯಲ್ಲಿ ಓಡುವ ಯಂತ್ರ ಇಲ್ಲ. ಕ್ರೋಶಾ ಮೆಷಿನ್ ಎಂದು ಮಾರುವುದೆಲ್ಲ ಬೇರೆ ತರದ ಹೆಣಿಗೆ, ನೋಡಲು ಹಾಗೆ ಕಾಣುತ್ತದೆ ಅಷ್ಟೆ. ಕೊಕ್ಕೆ ಪ್ರತಿ ಸಲ ಬೇರೆ ಬೇರೆ ಕಡೆಯಿಂದ, ಹಿಂದಿನ ಸಾಲಿನ ಯಾವುದೋ ಕಣ್ಣಿಗೆ ನುಗ್ಗಿ, ನೂಲು ಹಿಡಿದು ಹೊರಗೆ ಬರಬೇಕು. ಅದನ್ನು ಕೈಯಷ್ಟು ಸಲೀಸಾಗಿ, ಲಾಭಕ್ಕೆ ಸಾಲುವ ವೇಗದಲ್ಲಿ ಮಾಡುವ ಯಂತ್ರ ಬರಲಿಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ನಿಜವಾದ ಕ್ರೋಶಾದ ನಮಾಜಿನ ಟೊಪ್ಪಿ ಇದ್ದರೆ, ಎಷ್ಟು ಕಡಿಮೆಗೆ ಕೊಂಡದ್ದಾದರೂ ಸರಿ, ಅದನ್ನು ಯಾರೋ ಕೂತು ಕೈಯಲ್ಲಿ ಹೆಣೆದಿದ್ದಾರೆ.

ಟೊಪ್ಪಿಯ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಸೂಜಿಯ ಲೇಸು.

ಸೂಜಿಯ ಲೇಸು 16ನೇ ಶತಮಾನದ ಇಟಲಿಯಲ್ಲಿ, ಅದರಲ್ಲೂ ವೆನಿಸಿನಲ್ಲಿ ಬೆಳೆಯಿತು. ಮೊದಲು ಬಿಳಿ ಬಟ್ಟೆಯಲ್ಲಿ ಅಲ್ಲಲ್ಲಿ ತೂತು ಕತ್ತರಿಸಿ ಅಂಚಿಗೆ ಹೊಲಿಗೆ ಹಾಕುತ್ತಿದ್ದರು. ತೂತು ದೊಡ್ಡದಾಗುತ್ತಾ ಬಂತು. ನೇಯ್ದ ಬಟ್ಟೆಯ ಎಳೆಗಳನ್ನು ಕಿತ್ತು ಬರೀ ಚೌಕಟ್ಟು ಉಳಿಸಿಕೊಂಡು, ಅದರೊಳಗೆ ಸೂಜಿಯಿಂದ ನಕ್ಷತ್ರ, ಚಕ್ರ ತುಂಬಿಸಿದರು. ಅದಕ್ಕೆ ರೆಟಿಚೆಲ್ಲಾ ಎಂದು ಹೆಸರು. ಕೊನೆಗೆ ಬಟ್ಟೆಯೇ ಬೇಡ ಎಂದಾಯಿತು. ಕಾಗದದ ಮೇಲೆ ಬರೆದ ಗೆರೆಗೆ ನೂಲು ಕೂರಿಸಿ, ಅದರ ಮೇಲೆ ಹೊಲಿದು, ಕಾಗದ ತೆಗೆದರು. ಉಳಿದದ್ದು ಬರೀ ಹೊಲಿಗೆ. ಇದಕ್ಕೆ ಇಟಲಿಯವರು ಇಟ್ಟ ಹೆಸರು ಪುಂತೊ ಇನ್ ಆರಿಯಾ, ಗಾಳಿಯಲ್ಲಿ ಹಾಕಿದ ಹೊಲಿಗೆ. ಅಷ್ಟು ದೊಡ್ಡ ಹೆಸರಿನ ಹಿಂದಿರುವ ಹೊಲಿಗೆ ಯಾವುದು ಗೊತ್ತೇ? ನಮ್ಮ ಟೈಲರುಗಳು ಅಂಗಿಗೆ ಹಾಕುವ ಕಾಜ.

ಇದನ್ನು ಓದುವಾಗ ಥಟ್ಟನೆ ನೆನಪಾದದ್ದು ಉಮ್ಮಮ್ಮ. ಉಮ್ಮನ ಉಮ್ಮ. ಅವರ ತವರು ತಳಂಗರೆ, ಕಾಸರಗೋಡಿನ ಪಕ್ಕ, ಚಂದ್ರಗಿರಿ ಹೊಳೆಯ ದಡ. ಮಾಲಿಕ್ ದೀನಾರ್ ಮಸೀದಿಗೆ ಹೋದವರಿಗೆಲ್ಲ ಆ ಊರು ಗೊತ್ತು. ತಳಂಗರೆ ಟೊಪ್ಪಿ ಎಂದರೆ ಒಂದು ಕಾಲದಲ್ಲಿ ಗಲ್ಫಿನವರೆಗೂ ಹೆಸರು. ಬಿಳಿ ಹತ್ತಿ ಬಟ್ಟೆ, ಕೈಸೂಜಿ, ಮನೆಯ ಹೆಂಗಸರು. ಉಮ್ಮಮ್ಮ ಮಾಡುತ್ತಿದ್ದ ಟೊಪ್ಪಿಯಲ್ಲಿ ಹಣೆಯ ಸುತ್ತ ಸಾಲುಸಾಲು ಸಣ್ಣ ತೂತು, ಪ್ರತಿ ತೂತಿನ ಅಂಚಿಗೂ ಒತ್ತೊತ್ತಾಗಿ ನೂಲು. ಗಾಳಿಯೂ ಆಡುತ್ತದೆ, ಚಿತ್ರವೂ ಆಗುತ್ತದೆ. ಮಸ್ಕತ್ತಿನಲ್ಲಿ ಒಮಾನಿಗಳು ಹಾಕುವ ಕುಮ್ಮ ಟೊಪ್ಪಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದಾಗ ಅರೆ, ಇದು ನಮ್ಮ ಮನೆಯದ್ದಲ್ಲವೇ ಎನಿಸಿತ್ತು. ಜಂಜಿಬಾರಿನ ಕೋಫಿಯಾದಲ್ಲೂ ಇದೇ ತೂತಿನ ಕೆಲಸ. ಲೇಸಿನ ಶಾಸ್ತ್ರ ಹೇಳುವವರು ಇದನ್ನು ಲೇಸು ಎನ್ನಲಿಕ್ಕಿಲ್ಲ, ಬಟ್ಟೆ ಇನ್ನೂ ಇದೆಯಲ್ಲ. ಆದರೆ ವೆನಿಸಿನವರು ಹತ್ತಿದ ಮೆಟ್ಟಿಲುಗಳಲ್ಲಿ ಮೊದಲನೆಯದು ಇದೇ.

ವೆನಿಸಿನ ಲೇಸಿಗೆ ಯುರೋಪಿನ ಶ್ರೀಮಂತರು ಎಷ್ಟು ಹಣ ಸುರಿದರೆಂದರೆ, ಫ್ರಾನ್ಸಿನಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ದೇಶದ ಹಣ ಹೊರಗೆ ಹೋಗುತ್ತದೆ ಎಂದು 1665ರಲ್ಲಿ ಸರಕಾರದ್ದೇ ಲೇಸಿನ ಉದ್ಯಮ ಕಟ್ಟಿದ. ಕಲಿಸಲು ವೆನಿಸಿನಿಂದಲೇ ಕೆಲಸಗಾರ್ತಿಯರನ್ನು ಕರೆಸಿದ. ಹಾಗೆ ಬೆಳೆದ ಊರುಗಳಲ್ಲಿ ಒಂದು ಅಲಾನ್ಸೋನ್. ಅಲ್ಲಿನ ಸೂಜಿಯ ಲೇಸನ್ನು ಯುನೆಸ್ಕೋ 2010ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಒಂದು ಚದರ ಸೆಂಟಿಮೀಟರಿಗೆ ಏಳು ಗಂಟೆ ಕೆಲಸ. ಈಗಿನ ಒಂದು ರೂಪಾಯಿ ನಾಣ್ಯದ ಅಗಲ 20 ಮಿಲಿಮೀಟರ್. ಲೆಕ್ಕ ಹಾಕಿ ನೋಡಿದೆ, ಅಷ್ಟು ಜಾಗ ತುಂಬಲು ಸುಮಾರು 22 ಗಂಟೆ.

ಅಷ್ಟು ಗಂಟೆ ಯಾರದ್ದು? ಫ್ಲಾಂಡರ್ಸಿನಲ್ಲಿ ಅಗಸೆ ನಾರಿನ ಅತಿ ಸಪೂರ ನೂಲು ಒಣ ಗಾಳಿಗೆ ತುಂಡಾಗುತ್ತದೆ ಎಂದು ಹೆಂಗಸರು ತಂಪು ನೆಲಮಾಳಿಗೆಯಲ್ಲಿ ಕೂತು ನೂಲುತ್ತಿದ್ದರು. ಇಂಗ್ಲೆಂಡಿನ ಲೇಸು ಶಾಲೆಗಳಲ್ಲಿ ಐದಾರು ವರ್ಷದ ಮಕ್ಕಳೂ ದಿಂಬಿನ ಮುಂದೆ ಕೂರುತ್ತಿದ್ದರು. ರಾತ್ರಿಗೆ ನಡುವೆ ಒಂದೇ ಮೇಣದ ಬತ್ತಿ, ಅದರ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳು. ಬುರುಡೆ ಲೆನ್ಸಿನಂತೆ ಬೆಳಕನ್ನು ಒಟ್ಟುಮಾಡಿ ಒಬ್ಬೊಬ್ಬರ ದಿಂಬಿನ ಮೇಲೆ ಒಂದೊಂದು ಬೊಟ್ಟು ಬೀಳಿಸುತ್ತಿತ್ತು. ಉಪಾಯ ಚೆನ್ನಾಗಿದೆ. ಆ ಬೊಟ್ಟು ಬೆಳಕಿನಲ್ಲಿ ಕಣ್ಣು ಕಳೆದುಕೊಂಡವರನ್ನು ನೆನೆದರೆ ಚೆನ್ನಾಗಿದೆ ಎನ್ನಲು ಬಾಯಿ ಬರುವುದಿಲ್ಲ.

ಇನ್ನು ಯಂತ್ರ. ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ಜಾನ್ ಹೀತ್‌ಕೋಟ್ ಇಂಗ್ಲೆಂಡಿನವನು, ಹುಟ್ಟಿದ್ದು 1783ರಲ್ಲಿ, ಕಲಿತದ್ದು ಹೆಣಿಗೆ ಯಂತ್ರ ಮಾಡುವ ಕೆಲಸ, ಅಂದರೆ ಹೆಚ್ಚು ಕಡಿಮೆ ನಮ್ಮ ಜಾತಿ. ಬಾಬಿನ್ ಲೇಸು ಮಾಡುವವರ ಕೈಯನ್ನು ನೋಡುತ್ತಾ ನೋಡುತ್ತಾ ಅವನಿಗೆ ಒಂದು ವಿಷಯ ಹೊಳೆಯಿತು. ಬಲೆಯಂಥ ನೆಲದಲ್ಲಿ ಎಲ್ಲ ನೂಲುಗಳೂ ಓಡಾಡುತ್ತವೆ ಎಂದು ನಮಗೆ ಕಾಣುತ್ತದೆ. ನಿಜಕ್ಕೆ ಅರ್ಧ ನೂಲುಗಳು ನೆಟ್ಟಗೆ ಇಳಿಯುತ್ತವೆ, ಉಳಿದರ್ಧ ಅವುಗಳ ನಡುವೆ ಓರೆಯಾಗಿ ಸಾಗುತ್ತವೆ ಎಂದು ತಿಳಿದರೆ ಸಾಕು. ನೆಟ್ಟಗಿನವನ್ನು ಮಗ್ಗದ ಹಾಸಿನಂತೆ ಕಟ್ಟಿ ಬಿಡಬಹುದು. ಓರೆಯವಕ್ಕೆ ಮಾತ್ರ ಬಾಬಿನ್ ಬೇಕು. ಆ ಬಾಬಿನ್ ಹಾಸಿನ ಎಳೆಗಳ ನಡುವೆ ನುಸುಳಬೇಕಲ್ಲ? ಅದಕ್ಕೆ ಎರಡು ತೆಳು ಹಿತ್ತಾಳೆ ಬಿಲ್ಲೆಗಳನ್ನು ರಿವೆಟ್ ಮಾಡಿ ನಡುವೆ ನೂಲು ಸುತ್ತಿದ. ಗಡಿಯಾರದ ಲೋಲಕದಂತೆ ಅದು ಹಿಂದೆ ಮುಂದೆ ತೂಗುತ್ತದೆ, ಆಮೇಲೆ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ, ಮತ್ತೆ ತೂಗುತ್ತದೆ. ದಾಟಿಸು, ತಿರುಚು. 1808ರಲ್ಲಿ ಮೊದಲ ಪೇಟೆಂಟ್, 1809ರಲ್ಲಿ ಸುಧಾರಿಸಿದ ಯಂತ್ರದ್ದು. ನಕ್ಷೆ ನೋಡಿ ಅರ್ಥ ಮಾಡಿಕೊಂಡ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ನನ್ನ ಇಪ್ಪತ್ತನಾಲ್ಕು ಹಲಸಿನ ಕಡ್ಡಿಗಳು ಹಿತ್ತಾಳೆಯಾಗಿ ಕಣ್ಣ ಮುಂದೆ ತೂಗುತ್ತಿದ್ದವು.

1816ರ ಜೂನಿನಲ್ಲಿ ಲಫ್‌ಬರೋ ಊರಿನ ಅವನ ಕಾರ್ಖಾನೆಗೆ ಲಡ್ಡೈಟರು ನುಗ್ಗಿ 55 ಯಂತ್ರಗಳನ್ನು ಒಡೆದು ಹಾಕಿದರು. ಆ ಸಂಬಂಧ ಹಲವರನ್ನು ಗಲ್ಲಿಗೇರಿಸಿದರು. ಹೀತ್‌ಕೋಟ್ ದೂರದ ಟಿವರ್ಟನ್ ಊರಿಗೆ ಹೋಗಿ ಹೊಸ ಕಾರ್ಖಾನೆ ಹಾಕಿದ, ಅವನ ಕೆಲಸಗಾರರಲ್ಲಿ ಎಷ್ಟೋ ಮಂದಿ ನಡೆದುಕೊಂಡೇ ಹಿಂದೆ ಹೋದರು. ಅಷ್ಟರೊಳಗೆ ನಾಟಿಂಗ್‌ಹ್ಯಾಮಿನಲ್ಲಿ ಜಾನ್ ಲೀವರ್ಸ್ 1813ರಲ್ಲಿ ಇನ್ನೊಂದು ಯಂತ್ರ ತಂದಿದ್ದ. ಮುಂದೆ ಅದಕ್ಕೆ ಜಾಕಾರ್ಡಿನ ತೂತಿನ ಕಾರ್ಡು ಜೋಡಿಸಿದಾಗ ಹೂಬಳ್ಳಿಯೂ ಯಂತ್ರದ್ದೇ ಆಯಿತು. ಯಂತ್ರಗಳನ್ನು ಕದ್ದು ಸಾಗಿಸಿ ಕಡಲಾಚೆಯ ಕ್ಯಾಲೆಯಲ್ಲೂ ಉದ್ಯಮ ಎದ್ದಿತು.

ಕೈಲೇಸಿನವರು ಸೋತರು, ಆದರೆ ಒಮ್ಮೆಗೇ ಅಲ್ಲ. ಡೆವನ್ ಸೀಮೆಯ ಹಾನಿಟನ್ ಲೇಸಿನವರು ಕೈಯಲ್ಲಿ ಮಾಡಿದ ಹೂವುಗಳನ್ನು ಯಂತ್ರದ ಬಲೆಯ ಮೇಲೆ ಹೊಲಿಯತೊಡಗಿದರು. 1840ರಲ್ಲಿ ವಿಕ್ಟೋರಿಯಾ ರಾಣಿ ಮದುವೆಗೆ ಹಾನಿಟನ್ ಲೇಸನ್ನೇ ಬೇಕೆಂದು ಮಾಡಿಸಿಕೊಂಡಳು, ಆ ಕಸುಬಿನವರಿಗೆ ಕೆಲಸ ಸಿಗಲಿ ಎಂಬ ಉದ್ದೇಶವೂ ಇತ್ತು. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರ ಬಂದಾಗ ಕನ್ಯಾಸ್ತ್ರೀಯರೂ ಪಾದ್ರಿಗಳ ಹೆಂಡತಿಯರೂ ಕ್ರೋಶಾ ಕಲಿಸಿದರು. ಕ್ಲೋನ್ಸ್ ಊರಿನಲ್ಲಿ ಕಸಾಂಡ್ರಾ ಹ್ಯಾಂಡ್ ಎಂಬಾಕೆ 1847ರಲ್ಲಿ ಅದನ್ನು ಶುರುಮಾಡಿದ್ದು ಊರಿನ ಹೊಟ್ಟೆಗೆ ದಾರಿಯಾಯಿತು. ಕೊಕ್ಕೆಯೊಂದು ನೂಲುಂಡೆಯೊಂದು, ಬಂಡವಾಳ ಅಷ್ಟೇ ಸಾಕು.

ನಮ್ಮ ದೇಶಕ್ಕೂ ಲೇಸು ಬಂದದ್ದು ಇಂಥದ್ದೇ ದಾರಿಯಲ್ಲಿ. ಲಂಡನ್ ಮಿಷನಿನ ಚಾರ್ಲ್ಸ್ ಮಾಲ್ಟನ ಹೆಂಡತಿ ಮಾರ್ಥಾ ಮಾಲ್ಟ್ 1820ರ ದಶಕದಲ್ಲಿ ನಾಗರಕೋವಿಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಾಬಿನ್ ಲೇಸು ಕಲಿಸಿದಳು. ಆಗ ಅದು ತಿರುವಾಂಕೂರು ರಾಜ್ಯ. ಜೀತದ ಮನೆಗಳ ಹುಡುಗಿಯರು ಲೇಸಿನ ಸಂಪಾದನೆಯಿಂದ ತಮ್ಮ ಬಿಡುಗಡೆ ಕೊಂಡುಕೊಂಡರೆಂದು ಮಿಷನಿನವರು ಬರೆದಿದ್ದಾರೆ. ಆ ರಾಜ್ಯದಲ್ಲಿ ಜೀತ ನಿಂತದ್ದು 1855ರಲ್ಲಿ. ಇನ್ನೊಂದು ಮಾತು. ಅದೇ ನಾಡಿನಲ್ಲಿ ಅದೇ ಕಾಲದಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಂಡರೆಂದು ಪೆಟ್ಟು ತಿಂದರು, ಅದಕ್ಕೆ ಅನುಮತಿಯ ರಾಜಾಜ್ಞೆ ಬಂದದ್ದು 1859ರಲ್ಲಿ. ಅಂಥ ನಾಡಿನಿಂದ ದೊರೆಸಾನಿಯರ ಕುತ್ತಿಗೆಪಟ್ಟಿಗೆ ಲೇಸು ಹೋಗುತ್ತಿತ್ತು.

ಆಂಧ್ರದ ಗೋದಾವರಿ ಮುಖಜ ಭೂಮಿಯಲ್ಲಿ ನರಸಾಪುರ ಇದೆ. ಮಿಷನರಿಗಳು 19ನೇ ಶತಮಾನದಲ್ಲಿ ಅಲ್ಲಿ ಕ್ರೋಶಾ ಲೇಸು ಕಲಿಸಿದರು, ಆಮೇಲೆ ವ್ಯಾಪಾರಿಗಳು ಹಿಡಿದುಕೊಂಡರು, ಪರದೇಶಕ್ಕೆ ಹೋಗುವ ದೊಡ್ಡ ಸರಕಾಯಿತು. ಜರ್ಮನಿಯ ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ ಅಲ್ಲಿ ಇದ್ದು ನೋಡಿ ನರಸಾಪುರದ ಲೇಸುಗಾರ್ತಿಯರ ಬಗ್ಗೆ 1982ರಲ್ಲಿ ಒಂದು ಪುಸ್ತಕ ತಂದಳು. ಮನೆಗೆಲಸವೆಲ್ಲ ಮಾಡಿ ಅದರ ಮೇಲೆ ದಿನಕ್ಕೆ ಆರೆಂಟು ಗಂಟೆ ಲೇಸು ಹಾಕುವವರನ್ನು ವ್ಯಾಪಾರಿಗಳು ಕೆಲಸಗಾರರು ಎಂದೇ ಎಣಿಸುವುದಿಲ್ಲ, ಮನೆಯ ಹೆಂಗಸರು ಬಿಡುವಿನಲ್ಲಿ ಮಾಡುವುದು ಎನ್ನುತ್ತಾರೆ. ಬಿಡುವು ಎಂದು ಕರೆದರೆ ಕೂಲಿ ಎಷ್ಟು ಕಡಿಮೆ ಕೊಟ್ಟರೂ ನಡೆಯುತ್ತದೆ. ಮೀಸ್ ಹೇಳಿದ ಮುಖ್ಯ ಮಾತು ಇದು.

ಇದನ್ನು ಓದುವವರೆಗೆ ನಾನು ಪರದೇಶದ ಕತೆ ಓದುವವನ ಹಾಗೆಯೇ ಓದುತ್ತಿದ್ದೆ. ಬಿಡುವು ಎಂಬ ಮಾತು ಬಂದ ಮೇಲೆ ಹಾಗೆ ಓದಲಾಗಲಿಲ್ಲ. ಉಮ್ಮಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮಾತು. "ಎಂತ ಕೆಲಸ ಮೋನೆ? ಸುಮ್ಮನೆ ಕೂತಾಗ ಮಾಡಿದ್ದು."

ಅಂಗಡಿಯ ಅಟ್ಟದಲ್ಲಿ ಅಜ್ಜನ ಲೆಕ್ಕದ ಪುಸ್ತಕಗಳಿವೆ. ಬಾಪನ ಬಾಪ ಕನ್ನಡ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು ಮಲಯಾಳ, ಲೆಕ್ಕ ಮಾತ್ರ ಕಡೆಯವರೆಗೂ ಕನ್ನಡದಲ್ಲೇ. ಇದನ್ನು ಇಷ್ಟು ದಿನ ಹೆಮ್ಮೆಯಿಂದ ಹೇಳಿಕೊಂಡು ಬಂದವನು ನಾನು. ಅದರಲ್ಲಿ ಟೊಪ್ಪಿಯ ಲೆಕ್ಕ ಇದೆ ಎಂದು ಗೊತ್ತಿರಲಿಲ್ಲ. ಅಜ್ಜ ತಳಂಗರೆಯ ಕೆಲವು ಮನೆಗಳಿಗೆ ಬಟ್ಟೆ, ನೂಲು ಕೊಟ್ಟು, ಆದ ಟೊಪ್ಪಿಗಳನ್ನು ತಂದು, ಮುಂಬಯಿಗೆ ಕಳಿಸುತ್ತಿದ್ದರಂತೆ. ನಮ್ಮ ಎರಡು ಮನೆಗಳ ನೆಂಟಸ್ತನ ಕೂಡಿದ್ದೇ ಆ ವ್ಯಾಪಾರದಿಂದ ಎಂದು ಈಗ ಉಮ್ಮ ಹೇಳುತ್ತಾರೆ.

ಪುಟ ತೆರೆದರೆ ಅಚ್ಚುಕಟ್ಟಾದ ಅಕ್ಷರ. ಮುಂಬಯಿ ವ್ಯಾಪಾರಿಯ ಪೂರ್ತಿ ಹೆಸರು, ಬೀದಿಯ ಹೆಸರು. ಲಾರಿಯವನ ಹೆಸರು. ಎಡಗಡೆ ಟೊಪ್ಪಿಯ ಲೆಕ್ಕದಲ್ಲಿ ಮಾತ್ರ ಹೊಳೆಬದಿ ಮನೆ, ಮೂಲೆ ಮನೆ, ಓಡು ಮನೆ, ಕಡವಿನ ಮನೆ. ಹದಿನಾಲ್ಕು ಮನೆ, ಒಂದು ಹೆಸರಿಲ್ಲ. ಕೂಲಿಯಿಂದ ನೂಲಿನ ಹಣ ಕಳೆದದ್ದು ಇದೆ. ಕೆಲವು ಕಡೆ "ಕಲೆ, ಅರ್ಧ" ಎಂದು ಇದೆ, ಅಂದರೆ ಟೊಪ್ಪಿಗೆ ಕಲೆ ತಗಲಿದರೆ ಅರ್ಧ ಕೂಲಿ. ಮಳೆಗಾಲದಲ್ಲಿ ಚಿಮಿಣಿ ದೀಪದ ಮಸಿಯೋ ಮಗುವಿನ ಕೈಯೋ, ಯಾರಿಗೆ ಗೊತ್ತು. ಹೊಳೆಬದಿ ಮನೆ ಎಂದರೆ ಉಮ್ಮಮ್ಮ. ಆ ಸಾಲಿನಲ್ಲೂ ಒಂದು ಕಡೆ "ಕಲೆ, ಅರ್ಧ" ಇದೆ.

ಬಾಪನಿಗೆ ತೋರಿಸಿದೆ. "ಆಗೆಲ್ಲ ಹಾಗೆಯೇ, ಹೆಂಗಸರ ಹೆಸರು ಪೇಟೆಯಲ್ಲಿ ಹೇಳುವುದು ಮರ್ಯಾದೆ ಅಲ್ಲ" ಎಂದರು. ಅದೂ ನಿಜವಿರಬಹುದು. ಅಜ್ಜ ಮೋಸದ ಮನುಷ್ಯ ಅಲ್ಲ, ಬರದ ತಿಂಗಳಲ್ಲಿ ಮುಂಗಡ ಕೊಟ್ಟದ್ದೂ ಅದೇ ಪುಸ್ತಕದಲ್ಲಿದೆ. ಆದರೂ ಮರ್ಯಾದೆಯಿಂದ ಕೂಲಿ ಹೆಚ್ಚಾದದ್ದು ಎಲ್ಲೂ ಕಾಣಲಿಲ್ಲ. ನಾನು ಬಾಪನ ಜತೆ ವಾದ ಮಾಡಲಿಲ್ಲ.

ಉಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಮೂರು ಹಳೆಯ ಟೊಪ್ಪಿಗಳಿದ್ದವು. ತೆಗೆದು ಮಡಿಲಲ್ಲಿಟ್ಟುಕೊಂಡು, ಕನ್ನಡಕ ಹಾಕಿ, ಬೆರಳಿನಿಂದ ಅಂಚು ಮುಟ್ಟಿ ನೋಡಿ ಹೇಳಿದರು. ಇದು ಉಮ್ಮಮ್ಮನದು, ಅವರು ಎಡಗೈಯವರು, ನೂಲು ಈ ಕಡೆಯಿಂದ ಸುತ್ತುತ್ತದೆ. ಇದು ಓಡು ಮನೆಯವರದು, ಅವರ ತೂತು ಎಲ್ಲರದಕ್ಕಿಂತ ಸಣ್ಣ. ಇನ್ನೊಂದು ಯಾರದೆಂದು ಸ್ವಲ್ಪ ಹೊತ್ತು ಯೋಚಿಸಿ ಅದನ್ನೂ ಹೇಳಿದರು. ಆಮೇಲೆ ನನ್ನ ದಿಂಬಿನ ಹತ್ತಿರ ಬಂದು ಲೇಸಿನ ತುದಿ ಎತ್ತಿ ನೋಡಿ, "ಇಲ್ಲಿ ಎಳೆದದ್ದು ಹೆಚ್ಚಾಯಿತು" ಎಂದರು. ಸರಿಯಾಗಿಯೇ ಹೇಳಿದ್ದರು.

ಈಗ ಶುಕ್ರವಾರ ಅಂಗಡಿ ಮುಚ್ಚಿರುವ ಹೊತ್ತಿಗೆ ನಾವಿಬ್ಬರೂ ಆ ಪುಸ್ತಕ ತೆರೆದು ಕೂರುತ್ತೇವೆ. ಉಮ್ಮ ಹೇಳುತ್ತಾರೆ, ನಾನು ಅಜ್ಜನ ಅಕ್ಷರದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಹದಿನಾಲ್ಕರಲ್ಲಿ ಒಂಬತ್ತು ಹೆಸರು ಸಿಕ್ಕಿದೆ. ಕಡವಿನ ಮನೆಯವರ ಹೆಸರು ಹೇಳಬಲ್ಲ ಒಬ್ಬರು ಕಾಸರಗೋಡಿನಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಮುಂದಿನ ವಾರ ಹೋಗಬೇಕು.